ಆರನೇ ತರಗತಿಯಲ್ಲಿ ಮಗಳಿಗೆ ಎಲ್ಲ ವಿಷಯಗಳಲ್ಲೂ ಆನರ್ಸ್ ಕೊಡಿಸಬೇಕೇ?

ಪ್ರಶ್ನೆ: ವರ್ಜೀನಿಯಾದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಈಗ ಐದನೇ ತರಗತಿಯಲ್ಲಿದ್ದು, ಬೇಸಿಗೆ ರಜೆ ಮುಗಿದ ಮೇಲೆ ಮಿಡಲ್ ಸ್ಕೂಲಿಗೆ, ಅಂದರೆ ಆರನೇ ತರಗತಿಗೆ, ಹೋಗುತ್ತಾಳೆ. ಇಂಗ್ಲಿಷ್, ಗಣಿತ, ವಿಜ್ಞಾನ ಮತ್ತು ಸಮಾಜ ಈ ನಾಲ್ಕರಲ್ಲಿ ಯಾವುದಕ್ಕೆ ಸಾಮಾನ್ಯ ತರಗತಿ ಬೇಕು, ಯಾವುದಕ್ಕೆ ಆನರ್ಸ್ (ಮೇಲಿನ ಮಟ್ಟದ, ಹೆಚ್ಚು ಕಷ್ಟದ ತರಗತಿ) ಬೇಕು ಎಂದು ಗುರುತು ಹಾಕಿ ಕೊಡುವ ಅರ್ಜಿ ಶಾಲೆಯಿಂದ ಬಂದಿದೆ. ಅದನ್ನು ಮೂರು ವಾರಗಳೊಳಗೆ ಹಿಂದಿರುಗಿಸಬೇಕು. ಗಣಿತದಲ್ಲಿ ಆನರ್ಸ್ ಆರಿಸಿಕೊಂಡರೆ ಆರು ಮತ್ತು ಏಳನೇ ತರಗತಿಯ ಪಾಠಗಳ ಬಹುಭಾಗವನ್ನು ಒಂದೇ ವರ್ಷದಲ್ಲಿ ಮುಗಿಸುತ್ತಾರಂತೆ. ಉಳಿದ ಮೂರರಲ್ಲಿ ಪಾಠ ಅದೇ ಆಗಿದ್ದು, ಓದು ಬರಹ ಹೆಚ್ಚಿರುತ್ತದೆ ಎಂದಿದ್ದಾರೆ.

ಮಗಳ ಬಗ್ಗೆ ಸ್ವಲ್ಪ ಹೇಳಬೇಕು. ಓದುವುದೆಂದರೆ ಅವಳಿಗೆ ಪ್ರಾಣ. ಕೈಯಲ್ಲಿ ಪುಸ್ತಕವಿದ್ದರೆ ಕರೆದರೂ ಕೇಳಿಸುವುದಿಲ್ಲ. ಗಣಿತದಲ್ಲಿ ಅಂಕಗಳು ಚೆನ್ನಾಗಿಯೇ ಬರುತ್ತವೆ, ಆದರೆ ಅವಳು ನಿಧಾನವಾಗಿ ಯೋಚಿಸುವವಳು, ಗಡಿಯಾರ ಇಟ್ಟು ಮಾಡಿಸುವ ಪರೀಕ್ಷೆ ಎಂದರೆ ಹಿಂದಿನ ರಾತ್ರಿಯೇ ಹೊಟ್ಟೆನೋವು ಎನ್ನುತ್ತಾಳೆ. ಶಾಲೆಯ ವಾದ್ಯವೃಂದದಲ್ಲಿ ವಯೋಲಾ ನುಡಿಸುತ್ತಾಳೆ, ಅದನ್ನು ಬಿಡಲು ಅವಳಿಗೆ ಸುತರಾಂ ಇಷ್ಟವಿಲ್ಲ.

ಅವಳ ತರಗತಿ ಶಿಕ್ಷಕಿ ನಾಲ್ಕು ವಿಷಯಗಳಿಗೂ ಆನರ್ಸ್ ಶಿಫಾರಸು ಮಾಡಿದ್ದಾರೆ. ನನ್ನ ಪತಿಗೂ ಅದೇ ಅಭಿಪ್ರಾಯ. ಈಗ ಹಿಂದೆ ಬಿದ್ದರೆ ಮುಂದೆ ಹೈಸ್ಕೂಲಿನಲ್ಲಿ ಬಾಗಿಲುಗಳು ಮುಚ್ಚಿಹೋಗುತ್ತವೆ ಎಂಬುದು ಅವರ ಆತಂಕ. ನನಗೆ ಇನ್ನೊಂದು ಭಯ. ಹನ್ನೊಂದು ವರ್ಷದ ಮಗುವಿಗೆ ಹೊಸ ಕಟ್ಟಡ, ಗಂಟೆಗೊಬ್ಬರು ಹೊಸ ಶಿಕ್ಷಕರು, ಹೊಸ ಸ್ನೇಹಿತರು ಇವೆಲ್ಲವೂ ಒಟ್ಟಿಗೆ ಬರುವ ವರ್ಷದಲ್ಲಿಯೇ ಇಷ್ಟು ಭಾರ ಹೊರಿಸಿದರೆ ಅವಳು ಇಷ್ಟಪಟ್ಟು ಮಾಡುತ್ತಿರುವುದನ್ನೂ ದ್ವೇಷಿಸತೊಡಗಿದರೆ ಏನು ಮಾಡುವುದು? ಮಗಳನ್ನೇ ಕೇಳಿದಾಗ, ತನ್ನ ಗೆಳತಿ ಯಾವ ತರಗತಿಗೆ ಹೋಗುತ್ತಾಳೋ ತನಗೂ ಅದೇ ಸಾಕು ಎಂದಳು. ಈ ದಾರಿಯಲ್ಲಿ ಈಗಾಗಲೇ ನಡೆದವರು ದಯವಿಟ್ಟು ತಿಳಿಸಿ: ಆರನೇ ತರಗತಿಯ ಈ ಆಯ್ಕೆ ನಿಜವಾಗಿಯೂ ಅಷ್ಟು ದೊಡ್ಡದೇ?

ಉತ್ತರ 1: ಉತ್ತರ ಕೆರೊಲಿನಾದ ಮಿಡಲ್ ಸ್ಕೂಲ್ ಗಣಿತ ಶಿಕ್ಷಕಿ

ನಮಸ್ಕಾರ ಅಮ್ಮ. ನಾನು ಎಂಟನೇ ತರಗತಿಯ ಮಕ್ಕಳಿಗೆ ಆಲ್ಜೀಬ್ರಾ 1, ಅಂದರೆ ಬೀಜಗಣಿತದ ಮೊದಲ ವರ್ಷದ ಪಾಠ, ಕಲಿಸುತ್ತೇನೆ. ನಿಮ್ಮ ಅರ್ಜಿಯಲ್ಲಿ ನಾಲ್ಕು ಚೌಕಗಳು ಒಂದೇ ಸಾಲಿನಲ್ಲಿ ಇರಬಹುದು, ಆದರೆ ಅವು ಒಂದೇ ಬಗೆಯ ಪ್ರಶ್ನೆಗಳಲ್ಲ. ಇಂಗ್ಲಿಷ್, ವಿಜ್ಞಾನ, ಸಮಾಜಗಳಲ್ಲಿ ಆನರ್ಸ್ ಎಂದರೆ ಸಾಮಾನ್ಯವಾಗಿ ಅದೇ ಪಾಠವನ್ನು ಇನ್ನಷ್ಟು ಆಳವಾಗಿ ಓದುವುದು. ಈ ವರ್ಷ ತೆಗೆದುಕೊಳ್ಳದಿದ್ದರೆ ಮುಂದಿನ ವರ್ಷ ತೆಗೆದುಕೊಳ್ಳಬಹುದು, ಮಧ್ಯದಲ್ಲಿ ಯಾವ ಕಂದಕವೂ ಉಂಟಾಗುವುದಿಲ್ಲ. ಗಣಿತದಲ್ಲಿ ಹಾಗಲ್ಲ, ಅಲ್ಲಿ ಆನರ್ಸ್ ಎಂದರೆ ಬಹುಪಾಲು ಕಡೆ ವೇಗ. ಆದ್ದರಿಂದ ಗಣಿತವನ್ನು ಉಳಿದ ಮೂರರಿಂದ ಬಿಡಿಸಿ, ಬೇರೆಯಾಗಿಯೇ ಕುಳಿತು ಯೋಚಿಸಿ.

ನಿಮ್ಮ ಯಜಮಾನರ ಆತಂಕಕ್ಕೆ ಆಧಾರ ಇಲ್ಲದಿಲ್ಲ. ಎಂಟನೇ ತರಗತಿಯಲ್ಲಿ ಆಲ್ಜೀಬ್ರಾ 1 ಮುಗಿಸಿದ ಮಗು ಒಂಬತ್ತರಲ್ಲಿ ರೇಖಾಗಣಿತ, ಹತ್ತರಲ್ಲಿ ಆಲ್ಜೀಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್ ಓದಿ, ಹನ್ನೆರಡರಲ್ಲಿ ಎಪಿ ಕ್ಯಾಲ್ಕುಲಸ್ (ಹೈಸ್ಕೂಲಿನಲ್ಲಿಯೇ ಓದುವ ಕಾಲೇಜು ಮಟ್ಟದ ಕಲನಶಾಸ್ತ್ರ) ತಲುಪುತ್ತದೆ. ಆಲ್ಜೀಬ್ರಾ 1 ಅನ್ನು ಒಂಬತ್ತರಲ್ಲಿ ಆರಂಭಿಸಿದ ಮಗು ಇದೇ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದರೆ ಪ್ರಿಕ್ಯಾಲ್ಕುಲಸ್‌ಗೆ ಬಂದು ನಿಲ್ಲುತ್ತದೆ. ಈ ಒಂದು ವರ್ಷದ ವ್ಯತ್ಯಾಸಕ್ಕಾಗಿಯೇ ಊರೂರುಗಳಲ್ಲಿ ಜಗಳ ನಡೆದಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಗಳು 2014ರಲ್ಲಿ ಎಂಟನೇ ತರಗತಿಯಿಂದ ಆಲ್ಜೀಬ್ರಾ 1 ಅನ್ನು ತೆಗೆದುಹಾಕಿದವು. ಹತ್ತು ವರ್ಷಗಳ ತಕರಾರಿನ ನಂತರ 2024ರ ಮಾರ್ಚ್‌ನಲ್ಲಿ ಮತದಾರರು ಅದನ್ನು ಮರಳಿ ತರಬೇಕೆಂದು ಭಾರಿ ಬಹುಮತದಿಂದ ಹೇಳಿದರು. ಇಲ್ಲಿ ನಮ್ಮ ರಾಜ್ಯದಲ್ಲಿ 2018ರಿಂದ ಒಂದು ಕಾನೂನಿದೆ. ವರ್ಷಾಂತ್ಯದ ಗಣಿತ ಪರೀಕ್ಷೆಯಲ್ಲಿ ಅತ್ಯುನ್ನತ ಹಂತ ತಲುಪಿದ ಮಗುವಿಗೆ, ಶಾಲೆಯಲ್ಲಿ ಮುಂದುವರಿದ ಗಣಿತ ತರಗತಿ ಇದ್ದರೆ, ಅಲ್ಲಿ ಸ್ಥಾನ ಕೊಡಲೇಬೇಕು. ಅರ್ಹ ಮಕ್ಕಳು ಯಾರದೋ ಊಹೆಯ ಮೇಲೆ ಹೊರಗುಳಿಯಬಾರದೆಂಬುದು ಅದರ ಉದ್ದೇಶ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಇದೇ ರಾಜ್ಯದ ಇನ್ನೊಂದು ಪಾಠವೂ ನನ್ನ ಕಣ್ಣ ಮುಂದಿದೆ. ಷಾರ್ಲೆಟ್ ನಗರದ ಶಾಲೆಗಳು 2000ದ ದಶಕದ ಆರಂಭದಲ್ಲಿ ಸಿದ್ಧತೆ ಸಾಲದ ಮಕ್ಕಳನ್ನೂ ದೊಡ್ಡ ಸಂಖ್ಯೆಯಲ್ಲಿ ಎಂಟನೇ ತರಗತಿಯ ಆಲ್ಜೀಬ್ರಾಕ್ಕೆ ಸೇರಿಸಿದವು. ಡ್ಯೂಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಆ ಮಕ್ಕಳ ಮುಂದಿನ ವರ್ಷಗಳನ್ನು ಹಿಂಬಾಲಿಸಿ ನೋಡಿದಾಗ, ಹಾಗೆ ಅವಸರದಲ್ಲಿ ಮೇಲೇರಿಸಲ್ಪಟ್ಟವರು ಆಲ್ಜೀಬ್ರಾ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದಲ್ಲದೆ, ಅದರ ನಂತರದ ಗಣಿತವನ್ನು ಸಕಾಲದಲ್ಲಿ ಮುಗಿಸುವುದರಲ್ಲಿಯೂ ಸೋತಿದ್ದರು. ನನ್ನ ತರಗತಿಯಲ್ಲಿಯೂ ಇದನ್ನು ಪ್ರತಿ ವರ್ಷ ಕಾಣುತ್ತೇನೆ. ಆಲ್ಜೀಬ್ರಾದಲ್ಲಿ ಎಡವುವ ಮಗು ಎಡವುವುದು ಆಲ್ಜೀಬ್ರಾದಲ್ಲಿ ಅಲ್ಲ, ಭಿನ್ನರಾಶಿಯಲ್ಲಿ. ಎಕ್ಸ್ ಎಂಬ ಅಕ್ಷರ ಅದಕ್ಕೆ ಕಷ್ಟವಲ್ಲ, ಎಕ್ಸ್‌ನ ಮೂರನೇ ಎರಡು ಭಾಗ ಎಂಬುದು ಕಷ್ಟ. ಅನುಪಾತ, ಶೇಕಡಾ, ಋಣ ಸಂಖ್ಯೆಗಳು ಇವೆಲ್ಲವೂ ಆರು ಮತ್ತು ಏಳನೇ ತರಗತಿಯ ಪಾಠಗಳು, ಎರಡು ವರ್ಷವನ್ನು ಒಂದಾಗಿ ಒತ್ತುವಾಗ ಮೊದಲು ತೆಳ್ಳಗಾಗುವುದೂ ಇವೇ.

ಹಾಗಾಗಿ ಅಂಕಪಟ್ಟಿಯನ್ನು ಬದಿಗಿಟ್ಟು, ಒಂದು ಸಂಜೆ ಗಡಿಯಾರವಿಲ್ಲದೆ ಮಗಳೊಂದಿಗೆ ಕುಳಿತುಕೊಳ್ಳಿ. ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಒಂದೂವರೆ ಏಕೆ ಬರುತ್ತದೆ ಎಂದು ಚಿತ್ರ ಬರೆದು ತೋರಿಸಲು ಹೇಳಿ. ತಲೆಕೆಳಗು ಮಾಡಿ ಗುಣಿಸಬೇಕು ಎಂಬ ನಿಯಮವಷ್ಟೇ ಬಂದರೆ ಅದು ಬಾಯಿಪಾಠ. ಅರ್ಧದಷ್ಟು ತುಂಡುಗಳು ಮುಕ್ಕಾಲಿನಲ್ಲಿ ಎಷ್ಟು ಹಿಡಿಯುತ್ತವೆ ಎಂದು ಅವಳೇ ಎಣಿಸಿ ತೋರಿಸಿದರೆ ಅವಳು ಸಿದ್ಧಳಿದ್ದಾಳೆ, ಎಷ್ಟೇ ನಿಧಾನವಾಗಿದ್ದರೂ ಸರಿ. ನಿಧಾನವನ್ನು ದಯವಿಟ್ಟು ದೋಷವೆಂದು ಎಣಿಸಬೇಡಿ. ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಹಲವರು ಕೊನೆಗೆ ಉತ್ತರಪತ್ರಿಕೆ ಕೊಡುವವರೇ.

ಶಾಲೆಯನ್ನೂ ಕೇಳಿ: ಆನರ್ಸ್ ಗಣಿತದಲ್ಲಿ ಯಾವುದಾದರೂ ಪಾಠ ಬಿಟ್ಟುಹೋಗುತ್ತದೆಯೇ, ಸಮಯದ ಮಿತಿಯ ಪರೀಕ್ಷೆಗಳು ಎಷ್ಟು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಸರಿಹೊಂದದಿದ್ದರೆ ಯಾವ ದಿನಾಂಕದವರೆಗೆ ತರಗತಿ ಬದಲಿಸಬಹುದು? ಕೊನೆಯ ಪ್ರಶ್ನೆಯ ಉತ್ತರವನ್ನು ಇಮೇಲ್‌ನಲ್ಲಿಯೇ ಪಡೆದುಕೊಳ್ಳಿ.

ಉತ್ತರ 2: ಟೆಕ್ಸಾಸ್‌ನಿಂದ ಇಬ್ಬರು ಮಕ್ಕಳ ತಂದೆ

ಮೇಡಂ, ನಿಮ್ಮ ಪ್ರಶ್ನೆಯನ್ನು ಓದಿದಾಗ ಮೂರು ವರ್ಷಗಳ ಹಿಂದಿನ ನಮ್ಮ ಮನೆಯೇ ಕಣ್ಣಿಗೆ ಬಂದಿತು. ನಮ್ಮ ಮಗನಿಗೆ ನಾಲ್ಕಕ್ಕೆ ನಾಲ್ಕೂ ಆನರ್ಸ್ ಕೊಡಿಸಿದೆವು, ಹಾಗೆ ನಿರ್ಧರಿಸಿದವನು ನಾನೇ. ಅವನು ಜಾಣ ಎಂಬುದರಲ್ಲಿ ನಮಗೆ ಸಂದೇಹವಿರಲಿಲ್ಲ, ಅವನನ್ನು ಕೇಳಬೇಕೆಂದೂ ಅನ್ನಿಸಲಿಲ್ಲ. ಅಕ್ಟೋಬರ್ ಹೊತ್ತಿಗೆ ರಾತ್ರಿ ಹನ್ನೊಂದಾದರೂ ಅವನ ಕೋಣೆಯ ದೀಪ ಆರುತ್ತಿರಲಿಲ್ಲ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಹೇಳುತ್ತದೆ ಎಂದು ಮಕ್ಕಳ ವೈದ್ಯರು ತಿಳಿಸಿದಾಗ ನಾನು ಲೆಕ್ಕ ಹಾಕಿದೆ, ನಮ್ಮವನಿಗೆ ಏಳು ಗಂಟೆಯೂ ಸಿಗುತ್ತಿರಲಿಲ್ಲ. ಎರಡು ವಿಷಯಗಳನ್ನು ಬಿಡಿಸೋಣವೆಂದು ಹೋದರೆ, ಬದಲಾವಣೆಯ ಗಡುವು ಹಿಂದಿನ ವಾರವೇ ಮುಗಿದಿದೆ, ಇನ್ನು ಜನವರಿಯವರೆಗೆ ಕಾಯಬೇಕು ಎಂದರು. ಆ ಮೂರು ತಿಂಗಳಲ್ಲಿ ಅವನು ನನಗೆ ಒಂದು ಸಲ ಹೇಳಿದ ಮಾತು ಈಗಲೂ ಚುಚ್ಚುತ್ತದೆ: "ಅಪ್ಪ, ನಾನು ಮೊದಲು ಜಾಣನಾಗಿದ್ದೆ." ಸುತ್ತಲೂ ಚುರುಕಾದ ಮಕ್ಕಳೇ ತುಂಬಿರುವಾಗ ಸಮರ್ಥ ಮಗುವೂ ತನ್ನನ್ನು ತಾನು ಕಡಿಮೆ ಎಂದು ಎಣಿಸುತ್ತದೆ ಎಂಬುದನ್ನು ಹರ್ಬರ್ಟ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೂ ತೋರಿಸುತ್ತ ಬಂದಿದ್ದಾರೆ, ದೊಡ್ಡ ಮೀನು ಚಿಕ್ಕ ಕೊಳ ಎಂಬ ಹೆಸರಿನಲ್ಲಿ. ನಾನು ಅದನ್ನು ಓದಿದ್ದು ತಡವಾಗಿ.

ಜನವರಿಯಲ್ಲಿ ವಿಜ್ಞಾನ ಮತ್ತು ಗಣಿತವನ್ನು ಮಾತ್ರ ಉಳಿಸಿಕೊಂಡೆವು. ಈಗ ಅವನು ಎಂಟನೇ ತರಗತಿಯಲ್ಲಿ ಸಂತೋಷವಾಗಿದ್ದಾನೆ. ಮಗಳ ಸರದಿ ಬರುವಷ್ಟರಲ್ಲಿ ನಿಯಮವೇ ಬದಲಾಗಿತ್ತು: 2023ರ ಕಾನೂನಿನಂತೆ ನಮ್ಮ ರಾಜ್ಯದಲ್ಲಿ ಐದನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೊದಲ ಶೇಕಡಾ 40ರೊಳಗೆ ಬಂದ ಮಕ್ಕಳನ್ನು ಆರನೇ ತರಗತಿಯ ಮುಂದುವರಿದ ಗಣಿತಕ್ಕೆ ಶಾಲೆಯೇ ಸೇರಿಸುತ್ತದೆ, ಬೇಡವೆನ್ನುವ ಅಧಿಕಾರ ತಂದೆತಾಯಿಗೆ ಇರುತ್ತದೆ. ಈ ಸಲ ನಾವು ಅವಳನ್ನೇ ಕೇಳಿದೆವು, ಅವಳು ಹೂಂ ಎಂದಳು, ಸೇರಿಸಿದೆವು. ಇಂಗ್ಲಿಷ್‌ಗೆ ಬೇಡ ಎಂದಳು, ಬಿಟ್ಟೆವು.

ಉತ್ತರ 3: ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಮೇಲಿನ ಸಹೋದರರ ನೋವು ನನಗೆ ಅರ್ಥವಾಗುತ್ತದೆ, ಆದರೂ ಇನ್ನೊಂದು ಬದಿಯನ್ನು ಹೇಳದೆ ಇರಲಾರೆ. ನಾವು ಹೆದರಿ ನಮ್ಮ ಮಗನಿಗೆ ಆರನೇ ತರಗತಿಯಲ್ಲಿ ಒಂದೂ ಆನರ್ಸ್ ಕೊಡಿಸಲಿಲ್ಲ. ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ, ಪರೀಕ್ಷೆಗೆ ಹೆಚ್ಚು ಸಮಯ ಮತ್ತು ಮುಂದಿನ ಸಾಲಿನ ಆಸನ ಕೊಡುವ 504 ಯೋಜನೆ (ಇಂಥ ತೊಂದರೆಯಿರುವ ಮಕ್ಕಳಿಗೆ ಶಾಲೆ ಕಾನೂನಿನಂತೆ ಕೊಡುವ ಸೌಲಭ್ಯಗಳ ಯೋಜನೆ) ಇದೆ. ಅಂಥ ಮಗುವಿಗೆ ಸಾಮಾನ್ಯ ತರಗತಿಯೇ ಹಿತ ಎಂದು ಶಾಲೆಯವರೂ ಅಂದರು, ನಾವೂ ತಲೆಯಾಡಿಸಿದೆವು. ಆ ವರ್ಷ ಅವನು ಕಲಿತದ್ದು ಒಂದೇ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಉಳಿದ ಮೂವತ್ತು ನಿಮಿಷ ಕಿಟಕಿಯ ಹೊರಗೆ ನೋಡುವುದು. ಓದದೆಯೂ ಎ ಬರುತ್ತದೆ ಎಂಬ ಅಭ್ಯಾಸ ಒಮ್ಮೆ ಮೈಗೂಡಿದರೆ, ಕಷ್ಟ ಎದುರಾದ ದಿನ ಮಗು ಮೊದಲ ಏಟಿಗೇ ಕುಸಿಯುತ್ತದೆ. ಏಳನೇ ತರಗತಿಯಲ್ಲಿ ವಿಜ್ಞಾನ ಮತ್ತು ಇಂಗ್ಲಿಷ್ ಆನರ್ಸ್‌ಗೆ ಸೇರಿಸಿದಾಗ ಮೊದಲ ಎರಡು ತಿಂಗಳು ತಿಣುಕಾಡಿದ, ಆಮೇಲೆ ಮನೆಗೆ ಬಂದು ಪಾಠದ ಬಗ್ಗೆ ತಾನಾಗಿಯೇ ಮಾತನಾಡತೊಡಗಿದ. ಎಷ್ಟೋ ದಿನಗಳ ಮೇಲೆ ಆ ಮಾತು ಕೇಳಿ ನನಗೆ ಕಣ್ಣು ತುಂಬಿತು.

ಇಂಥದೇ ಸ್ಥಿತಿಯಲ್ಲಿರುವ ಬೇರೆ ತಂದೆತಾಯಿಗಳಿಗಾಗಿ ಒಂದು ವಿಷಯವನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಆನರ್ಸ್ ಬೇಕಿದ್ದರೆ 504ರ ಸೌಲಭ್ಯಗಳನ್ನು ಬಿಟ್ಟುಕೊಡಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅರ್ಹತೆಯುಳ್ಳ ಮಗುವಿಗೆ ಅಂಥ ಷರತ್ತು ಹಾಕುವುದು ಕಾನೂನಿಗೆ ವಿರುದ್ಧವೆಂದು ಅಮೆರಿಕದ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ 2007ರ ಡಿಸೆಂಬರ್‌ನಲ್ಲಿಯೇ ಶಾಲೆಗಳಿಗೆ ಪತ್ರ ಬರೆದು ತಿಳಿಸಿದೆ.

ನಿಮ್ಮ ಮಗಳ ವಿಚಾರಕ್ಕೆ ಬಂದರೆ, ಪುಸ್ತಕ ಹಿಡಿದಾಗ ಕರೆದರೂ ಕೇಳಿಸದ ಹುಡುಗಿಗೆ ಇಂಗ್ಲಿಷ್ ಆನರ್ಸ್ ಬಗ್ಗೆ ಎರಡನೇ ಯೋಚನೆಯೇ ಬೇಡವೆಂದು ನನಗೆ ತೋರುತ್ತದೆ. ಅದು ಅವಳಿಗೆ ಭಾರವಲ್ಲ, ತನ್ನಂಥ ಓದುಗರ ನಡುವೆ ಕುಳಿತುಕೊಳ್ಳುವ ಅವಕಾಶ.

ಉತ್ತರ 4: ಕ್ಯಾಲಿಫೋರ್ನಿಯಾದಿಂದ, ಈಗ ಕಾಲೇಜಿನಲ್ಲಿರುವ ಮಗಳ ತಂದೆ

ಬಾಗಿಲು ಮುಚ್ಚುವ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಆರನೇ ತರಗತಿಯ ಗ್ರೇಡುಗಳನ್ನು ಕಾಲೇಜುಗಳು ನೋಡುವುದಿಲ್ಲ. ಇಲ್ಲಿನ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ಪ್ರವೇಶಕ್ಕಾಗಿ ಲೆಕ್ಕ ಹಾಕುವ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಒಂಬತ್ತನೇ ತರಗತಿಯ ಗ್ರೇಡುಗಳು ಸಹ ಸೇರುವುದಿಲ್ಲ, ಒಂಬತ್ತರ ನಂತರದ ಬೇಸಿಗೆಯಿಂದ ಹನ್ನೊಂದನೇ ತರಗತಿಯ ನಂತರದ ಬೇಸಿಗೆಯವರೆಗಿನದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಿಡಲ್ ಸ್ಕೂಲಿನಲ್ಲಿ ಓದಿದ ಆಲ್ಜೀಬ್ರಾ ಅಥವಾ ವಿದೇಶಿ ಭಾಷೆ ವಿಷಯದ ಅಗತ್ಯವನ್ನು ಪೂರೈಸುತ್ತದೆ, ಆದರೆ ಅದರ ಗ್ರೇಡು ಜಿಪಿಎಗೆ ಬರುವುದಿಲ್ಲ.

ವರ್ಜೀನಿಯಾದಲ್ಲಿ ನೀವು ಗಮನಿಸಬೇಕಾದದ್ದು ಎಂಟನೇ ತರಗತಿಯನ್ನು. ಅಲ್ಲಿ ಹೈಸ್ಕೂಲ್ ಕ್ರೆಡಿಟ್ ಕೊಡುವ ಆಲ್ಜೀಬ್ರಾ 1ರಂಥ ವಿಷಯವನ್ನು ಮಿಡಲ್ ಸ್ಕೂಲಿನಲ್ಲಿಯೇ ತೆಗೆದುಕೊಂಡರೆ ಆ ಗ್ರೇಡು ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್‌ಗೆ (ಅಧಿಕೃತ ಅಂಕಪಟ್ಟಿಗೆ) ಹೋಗುತ್ತದೆ. ಅದು ಬೇಡವೆನಿಸಿದರೆ ತೆಗೆಸಿಹಾಕಲು ತಂದೆತಾಯಿ ಕೋರಬಹುದೆಂದು ರಾಜ್ಯದ ನಿಯಮವಿದೆ, ಆಗ ಆ ಕ್ರೆಡಿಟ್ ಕೂಡ ಸಿಗುವುದಿಲ್ಲ. ನಮ್ಮ ಸಂಬಂಧಿಕರೊಬ್ಬರು ಅಲ್ಲಿಯೇ ಇದ್ದು ಹಾಗೆ ಮಾಡಿಸಿ, ಒಂಬತ್ತರಲ್ಲಿ ಮತ್ತೆ ಅದನ್ನೇ ಓದಿಸಿದರು. ಹುಡುಗನಿಗೆ ಒಳ್ಳೆಯದೇ ಆಯಿತು.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇವೆಲ್ಲವನ್ನೂ ಪತಿಗೆ ಓದಿ ಹೇಳಿದೆ. ಟೆಕ್ಸಾಸ್‌ನ ಸರ್ ಬರೆದ ಮಗನ ಮಾತನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಶನಿವಾರ ಸಂಜೆ ಶಿಕ್ಷಕಿ ಮೇಡಂ ಹೇಳಿದಂತೆ ಮಗಳೊಂದಿಗೆ ಕುಳಿತೆ. ಮುಕ್ಕಾಲನ್ನು ಅರ್ಧದಿಂದ ಭಾಗಿಸು ಎಂದಾಗ ಮೊದಲು ನಿಯಮ ಹಾಕಿ ಉತ್ತರ ತಂದಳು. ಚಿತ್ರ ಬರೆ ಎಂದಾಗ ಆಯತ ಬರೆದು ನಾಲ್ಕು ಭಾಗ ಮಾಡಿದಳು, ಮೂರಕ್ಕೆ ಬಣ್ಣ ಹಚ್ಚಿದಳು, ಅಲ್ಲಿಗೆ ನಿಂತಳು. ಬಣ್ಣ ಹಚ್ಚಿದ್ದರಲ್ಲಿ ಒಂದು ಅರ್ಧ ತೆಗೆದರೆ ಉಳಿಯುವುದು ಒಂದು ಕಾಲು ಭಾಗ ಮಾತ್ರ, ಹಾಗಿರುವಾಗ ಉತ್ತರ ಒಂದೂಕಾಲು ಆಗಬೇಕಲ್ಲ, ಒಂದೂವರೆ ಹೇಗಾಯಿತು ಎಂದು ಅವಳೇ ಕೇಳಿದಳು. ನನಗೂ ತಕ್ಷಣ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು, ಊಟ ಮಾಡುತ್ತಿರುವಾಗ, "ಅಮ್ಮ, ಆ ಕಾಲು ಭಾಗ ಅರ್ಧದ ಅರ್ಧ ಅಲ್ಲವೇ!" ಎಂದು ಕೂಗಿದಳು. ಅವಳ ಮುಖದಲ್ಲಿ ಆಗ ಕಂಡ ಸಂತೋಷವನ್ನು ನಾನು ಗಣಿತದ ವಿಷಯದಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಗೆಳತಿಯ ಮಾತು ಬಿಟ್ಟು, ನಿನಗೆ ಏನು ಬೇಕು ಎಂದು ಇಬ್ಬರೂ ಕೇಳಿದೆವು. ಇಂಗ್ಲಿಷ್ ಮತ್ತು ಸಮಾಜಕ್ಕೆ ಆನರ್ಸ್ ಬೇಕು, ವಿಜ್ಞಾನಕ್ಕೆ ಈ ವರ್ಷ ಬೇಡ ಎಂದಳು. ಗಣಿತದ ಬಗ್ಗೆ, ತನಗೆ ಯೋಚಿಸಲು ಸಮಯ ಕೊಡುವುದಾದರೆ ಬೇಕು, ಅವಸರ ಮಾಡಿಸುವುದಾದರೆ ಬೇಡ ಎಂದಳು. ಕೌನ್ಸೆಲರ್‌ಗೆ ಇಮೇಲ್ ಬರೆದು ಕೇಳಿದಾಗ, ತರಗತಿ ಬದಲಾವಣೆಗೆ ಮೊದಲ ನಾಲ್ಕು ವಾರ ಅವಕಾಶವಿದೆ, ಆದರೆ ಆನರ್ಸ್ ಗಣಿತದಲ್ಲಿ ವಾರಕ್ಕೊಂದು ಸಮಯಬದ್ಧ ಪರೀಕ್ಷೆ ಇರುತ್ತದೆ ಎಂದು ಉತ್ತರಿಸಿದ್ದಾರೆ. ಇದನ್ನು ಓದಿದ ಮೇಲೆ ನಾವು ಆರನೇ ತರಗತಿಗೆ ಸಾಮಾನ್ಯ ಗಣಿತದ ಕಡೆಗೆ ವಾಲಿದ್ದೇವೆ. ಪತಿಯದು ಒಂದೇ ಪ್ರಶ್ನೆ ಉಳಿದಿದೆ: ಮುಂದೆ ಅವಳಿಗೆ ಎಂಜಿನಿಯರಿಂಗ್ ಅಥವಾ ವಿಜ್ಞಾನದ ಕಡೆಗೆ ಮನಸ್ಸಾದರೆ, ಹನ್ನೆರಡನೇ ತರಗತಿಯ ಹೊತ್ತಿಗೆ ಕ್ಯಾಲ್ಕುಲಸ್ ತಲುಪಲು ಆಗ ದಾರಿ ಇರುತ್ತದೆಯೇ?

ಉತ್ತರ 1 ಬರೆದ ಶಿಕ್ಷಕಿ

ಇರುತ್ತದೆ. ಆಲ್ಜೀಬ್ರಾ 1 ಅನ್ನು ಒಂಬತ್ತರಲ್ಲಿ ಓದಿದ ಮಕ್ಕಳು ಹತ್ತರಲ್ಲಿ ರೇಖಾಗಣಿತ ಮತ್ತು ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲು ಅನೇಕ ಹೈಸ್ಕೂಲುಗಳು ಬಿಡುತ್ತವೆ, ಏಕೆಂದರೆ ಅವೆರಡೂ ಒಂದರ ಮೇಲೊಂದು ಅಷ್ಟಾಗಿ ನಿಂತಿಲ್ಲ. ಕೆಲವು ಕಡೆ ರೇಖಾಗಣಿತವನ್ನು ಬೇಸಿಗೆಯಲ್ಲಿ ಮುಗಿಸುವ ವ್ಯವಸ್ಥೆಯೂ ಇದೆ. ಇವೆರಡರಲ್ಲಿ ಮೊದಲನೆಯದನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಆರು ವಾರದ ಬೇಸಿಗೆ ತರಗತಿಯಲ್ಲಿ ಪ್ರಮೇಯಗಳನ್ನು ಸಾಧಿಸುವ ಅಭ್ಯಾಸ ಮೈಗೂಡಲು ಸಮಯ ಸಾಲದು. ಎರಡು ಗಣಿತ ತೆಗೆದುಕೊಂಡ ವರ್ಷ ಇನ್ನೊಂದು ಐಚ್ಛಿಕ ವಿಷಯದ ಜಾಗ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ, ವಯೋಲಾಕ್ಕೆ ಸಂಚಕಾರ ಬರದಂತೆ ಆಗ ವೇಳಾಪಟ್ಟಿಯನ್ನು ಮುಂಚೆಯೇ ಕೂಡಿಸಬೇಕಾದೀತು.

ಅದಕ್ಕಿಂತ ಮೊದಲೇ ಇನ್ನೊಂದು ಅವಕಾಶವಿದೆ. ಆರನೇ ತರಗತಿಯ ಕೊನೆಯಲ್ಲಿ ಅವಳ ಗಣಿತ ಶಿಕ್ಷಕರನ್ನು ಭೇಟಿಯಾಗಿ, ಏಳರಿಂದ ಆನರ್ಸ್ ಗಣಿತಕ್ಕೆ ಸೇರಿಕೊಳ್ಳಲು ಯಾವ ಪಾಠಗಳನ್ನು ಬೇಸಿಗೆಯಲ್ಲಿ ತುಂಬಿಕೊಳ್ಳಬೇಕೆಂದು ಕೇಳಿ. ಆ ಪಟ್ಟಿ ಸಾಮಾನ್ಯವಾಗಿ ಅಷ್ಟು ಉದ್ದವಿರುವುದಿಲ್ಲ. ಊಟದ ನಡುವೆ ಕಾಲು ಭಾಗ ಅರ್ಧದ ಅರ್ಧವೆಂದು ಕಂಡುಕೊಂಡ ಹುಡುಗಿಗೆ ಅದು ಕಷ್ಟವಾಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಅವಳ ಒಂದೂಕಾಲಿನ ಸಂದೇಹವನ್ನು ನಾನು ನಾಳೆ ನನ್ನ ತರಗತಿಯ ಹಲಗೆಯ ಮೇಲೆ ಬರೆಯಲಿದ್ದೇನೆ. ಎಂಟನೇ ತರಗತಿಯಲ್ಲಿಯೂ ಅದಕ್ಕೆ ತಕ್ಷಣ ಉತ್ತರ ಕೊಡಲಾರದ ಮಕ್ಕಳು ಹಲವರಿದ್ದಾರೆ.